ಎದುರುಮನೆಯವರ ಎಲಿವೇಷನ್

ನಮ್ಮ ಮನೆಯ ನಕ್ಷೆ ತಂದ ದಿನ ಎಂಜಿನಿಯರು ಊಟದ ಮೇಜಿನ ಮೇಲೆ ಎರಡು ಹಾಳೆ ಹಾಸಿದರು. ಒಂದರಲ್ಲಿ ಬರೀ ಕಪ್ಪು ಗೆರೆ. ಅದರಲ್ಲಿ ಅಡುಗೆಮನೆ ಯಾವುದು, ಬಚ್ಚಲು ಯಾವುದು ಎಂದು ತಿಳಿಯಬೇಕಾದರೆ ಕತ್ತನ್ನು ಅಷ್ಟದಿಕ್ಕಿಗೂ ವಾಲಿಸಬೇಕಿತ್ತು. ಇನ್ನೊಂದು ಹಾಳೆಗೆ ಆ ಕಷ್ಟವಿಲ್ಲ, ಅದು ಬಣ್ಣದ್ದು. ತಿಳಿನೀಲಿ ಆಕಾಶ, ಎರಡು ತೆಂಗಿನಮರ, ಗೇಟಿನ ಮುಂದೆ ಕೆಂಪು ಕಾರು, ನಾಯಿಯ ಹಗ್ಗ ಹಿಡಿದು ಹೊರಟ ಸೂಟುಬೂಟಿನ ಒಬ್ಬ ಮಹಾಶಯ. ಕಾರು ನಮ್ಮದಲ್ಲ. ನಾಯಿಯೂ ನಮ್ಮದಲ್ಲ. ಅಷ್ಟಗಲದ ರಸ್ತೆಯಂತೂ ಮೈಸೂರಿನ ನಮ್ಮ ಬಡಾವಣೆಯದ್ದು ಅಲ್ಲವೇ ಅಲ್ಲ. ನಡುವೆ ನಿಂತಿದ್ದ ಮನೆ ಮಾತ್ರ ನಮ್ಮದಂತೆ.

"ಹೇಗಿದೆ ಸಾರ್ ಎಲಿವೇಷನ್?" ಎಂದರು.

ಆ ಚಿತ್ರದ ಮುಂದೆ ನಾನು ಬಾಡಿಗೆಗೆ ಮನೆ ಕೇಳಲು ಬಂದವನ ಹಾಗೆ ಕೈಕಟ್ಟಿ ನಿಂತುಬಿಟ್ಟೆ. ನನ್ನ ಹೆಂಡತಿ "ಗ್ರ್ಯಾಂಡಾಗಿದೆ" ಎಂದಳು. ತೀರ್ಥಹಳ್ಳಿ ಕಡೆಯಿಂದ ಬಂದು ನಮ್ಮ ಜೊತೆಗಿರುವ ಅಮ್ಮ ಮಾತ್ರ ಬಣ್ಣದ ಹಾಳೆಯನ್ನು ಬದಿಗೆ ಸರಿಸಿ, ಕನ್ನಡಕ ಏರಿಸಿ, ಕಪ್ಪು ಗೆರೆಗಳ ಮೇಲೆ ಬೆರಳಾಡಿಸುತ್ತಾ ಮೂರು ಪ್ರಶ್ನೆ ಕೇಳಿದಳು. "ಚಪ್ಪಲಿ ಎಲ್ಲಿ ಬಿಡೋದು? ಹಪ್ಪಳ ಎಲ್ಲಿ ಒಣಗಿಸೋದು? ನೆನೆದ ಕೊಡೆ ಎಲ್ಲಿ ಇಡೋದು?"

"ಅದೆಲ್ಲ ಆಮೇಲೆ ಅಡ್ಜಸ್ಟ್ ಮಾಡ್ಕೊಳ್ಳೋಣ ಅಮ್ಮ" ಎಂದು ಎಂಜಿನಿಯರು ನಕ್ಕರು. ನಾವೂ ನಕ್ಕೆವು. ಚಪ್ಪಲಿಗೆ ಆಮೇಲೆ ಒಂದು ಸ್ಟ್ಯಾಂಡ್ ಬಂತು, ಹಪ್ಪಳಕ್ಕೆ ತಾರಸಿ ಇತ್ತು. ಕೊಡೆಯ ಪ್ರಶ್ನೆ ಬಹಳ ದಿನ ಹಾಗೇ ಉಳಿಯಿತು. ಅದರ ಮಾತು ಕೊನೆಗೆ ಬರುತ್ತದೆ.

ಎಲಿವೇಷನ್ ಎನ್ನುವುದು ಈಗ ಕನ್ನಡದ್ದೇ ಪದ. ಮೇಸ್ತ್ರಿ, ಪೇಂಟರ್, ಸಿಮೆಂಟ್ ಅಂಗಡಿಯವರು, ಗೃಹಪ್ರವೇಶಕ್ಕೆ ಬಂದ ಪುರೋಹಿತರು, ಎಲ್ಲರ ಬಾಯಲ್ಲೂ ಅದೇ. ನನ್ನ ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ನಮ್ಮ ಮನೆ ಕಟ್ಟಿ ಮುಗಿದ ಮೇಲೆ ಅವಳು ಆ ಕಾಲೇಜಿಗೆ ಸೇರಿದ್ದು. ಇಂಥ ಮುಂದಾಲೋಚನೆ ನಮ್ಮ ವಂಶದಲ್ಲಿ ಮೊದಲಿನಿಂದಲೂ ಇದೆ. ಅವಳ ಪ್ರಕಾರ ಕಟ್ಟಡಕ್ಕೆ ನಾಲ್ಕು ಮಗ್ಗುಲಿಗೂ ಎಲಿವೇಷನ್ ಇರುತ್ತದೆ, ನಾಲ್ಕನ್ನೂ ಬರೆಯಬೇಕು. ನಮ್ಮ ಬೀದಿಯ ಲೆಕ್ಕ ಬೇರೆ. ರಸ್ತೆಗೆ ಕಾಣುವ ಒಂದಕ್ಕೇ ಆ ಬಿರುದು. ಉಳಿದ ಮೂರು ಮಗ್ಗುಲು ಮುಖಕ್ಕೆ ಮಾತ್ರ ಪೌಡರು ಬಳಿದುಕೊಂಡವನ ಕತ್ತಿನ ಹಾಗೆ. ಅಲ್ಲಿ ಒಂದು ಕೋಟು ಪ್ರೈಮರ್, ಅದರ ಮೇಲೆ ಏರುವ ಇಳಿಯುವ ಪೈಪುಗಳು, ಸಿಮೆಂಟ್ ಮೆತ್ತಿ ಹಾಗೇ ಬಿಟ್ಟ ತೂತುಗಳು. ಮುಂದಿನ ಗೋಡೆ ತಾರಸಿಗಿಂತ ನಾಲ್ಕಡಿ ಮೇಲೆದ್ದು ಕಮಾನು, ಕಿರೀಟ ತೊಟ್ಟಿರುತ್ತದೆ. ಯಾರದಾದರೂ ತಾರಸಿಗೆ ಹತ್ತಿ ಹಿಂದಿನಿಂದ ನೋಡಿ. ಕಂಪನಿ ನಾಟಕದ ದರ್ಬಾರ್ ಸೀನಿನ ಪರದೆಯನ್ನು ಹಿಂಬದಿಯಿಂದ ನೋಡಿದ ಹಾಗಾಗುತ್ತದೆ. ಈಚೆ ಅರಮನೆ, ಆಚೆ ಒಗೆದ ಬಟ್ಟೆಯ ತಂತಿ.

ನಮ್ಮ ಎಲಿವೇಷನ್ನಿಗೆ ಮೊದಲು ಬಲಿಯಾದದ್ದು ಸಜ್ಜ. ಕಿಟಕಿಯ ಮೇಲೆ ಎರಡಡಿ ಮುಂದಕ್ಕೆ ಚಾಚಿಕೊಂಡು, ಬಿಸಿಲಿಗೆ ಹಣೆ ಮೇಲೆ ಕೈ ಅಡ್ಡ ಹಿಡಿದವರ ಹಾಗೆ ಇರುವ ಆ ಕಾಂಕ್ರೀಟ್ ಹಲಗೆ ಹಳೇ ಫ್ಯಾಷನ್ ಎಂದರು ಎಂಜಿನಿಯರು. "ಈಗ ಎಲ್ಲ ಕ್ಲೀನ್ ಲುಕ್ ಸಾರ್." ಸರಿ, ಕ್ಲೀನ್ ಆಯಿತು. ಮೊದಲ ಏಪ್ರಿಲ್ಲಿನ ಸಂಜೆ ಮಳೆ ಗಾಳಿಯ ಜೊತೆ ಬಂದಾಗ ಎರಚಲು ನೇರ ಹಾಲಿಗೆ ನುಗ್ಗಿ ಸೋಫಾದ ಮೇಲೆ ಕುಳಿತುಕೊಂಡಿತು. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಸ್ನಾನ. ಅಂದಿನಿಂದ ಮೋಡ ಕಂಡಾಗಲೆಲ್ಲ ನಾಲ್ಕು ಹಳೇ ಟವಲುಗಳು ಕಿಟಕಿಕಟ್ಟೆಯ ಮೇಲೆ ಕಾವಲು ನಿಲ್ಲುತ್ತವೆ. ಕೊನೆಗೆ ಮೇಸ್ತ್ರಿಯನ್ನು ಕರೆಸಿ ಕಬ್ಬಿಣದ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಶೀಟು ಹೊಡೆಸಿದೆವು. ಬಣ್ಣದ ಹಾಳೆಯಲ್ಲಿ ಇಲ್ಲದ ಈ ಹಸಿರು ರೆಪ್ಪೆಗಳು ಈಗ ನಮ್ಮ ಮನೆಯ ಗುರುತು. ಕೊರಿಯರ್‌ನವರಿಗೆ ನಾವು ದಾರಿ ಹೇಳುವುದೇ ಹಾಗೆ.

ಈ ವಿಷಯದಲ್ಲಿ ನನ್ನ ಚಿಕ್ಕಪ್ಪನ ಅನುಭವ ನನಗಿಂತ ದೊಡ್ಡದು. ಅವರ ಮನೆ ಇರುವುದು ಆಗುಂಬೆಯ ದಿಕ್ಕಿನಲ್ಲಿ. ಮೈಸೂರಿಗೆ ವರ್ಷಕ್ಕೆ ಬೀಳುವ ಮಳೆ 800 ಮಿಲಿಮೀಟರಿನ ಆಸುಪಾಸು. ಆಗುಂಬೆಯದು 7,000 ದಾಟುತ್ತದೆ. ಅಂಥಲ್ಲಿ ಅಜ್ಜ ಕಟ್ಟಿದ ಹೆಂಚಿನ ಮನೆ ಇತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಸುಡಲು ಶುರುಮಾಡಿದರಲ್ಲ, ಆ ಜಾತಿಯ ಹೆಂಚು. ಮಾಡು ಎಷ್ಟು ಇಳಿಜಾರೆಂದರೆ ಮಳೆಗೆ ಅಲ್ಲಿ ನಿಂತು ಯೋಚನೆ ಮಾಡಲು ಪುರುಸೊತ್ತಿಲ್ಲ. ಜಗಲಿಯ ಮೇಲೆ ಸೂರು ಮೂರಡಿ ಇಳಿಬಿದ್ದಿತ್ತು. ಮಳೆಗಾಲಕ್ಕೆ ಅದರ ಅಂಚಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದರೆ ಎರಚಲು ಅಲ್ಲಿಗೇ ನಿಂತಿತು. ಕೋತಿ ಒಂದು ಹೆಂಚು ಒಡೆದರೆ ಒಬ್ಬ ಹತ್ತಿ ಇನ್ನೊಂದು ಹೆಂಚು ಜೋಡಿಸಿ ಇಳಿಯುತ್ತಿದ್ದ. ನೋಡಲು ಆ ಮನೆ ತಲೆ ಬಗ್ಗಿಸಿ ಕೂತ ಮುದುಕಿಯ ಹಾಗಿತ್ತು. ಅದೇ ಅದರ ತಪ್ಪಾಯಿತು.

ಮಗನ ಮದುವೆಗೆ ಮುಂಚೆ ಚಿಕ್ಕಪ್ಪ ಅದನ್ನು ಕೆಡವಿ ತಾರಸಿ ಮನೆ ಕಟ್ಟಿಸಿದರು. ಪೇಟೆಯವರ ಹಾಗೆ ಚಪ್ಪಟೆ, ಚೌಕ. ಹೆಣ್ಣಿನ ಕಡೆಯವರು ಬಂದು ನೋಡಿ ಒಪ್ಪಿದರು, ಮದುವೆಯೂ ಆಯಿತು. ಅಂದರೆ ತಾರಸಿ ತನ್ನ ಕೆಲಸ ಮಾಡಿತು ಅನ್ನಿ. ಮೂರನೇ ಮಳೆಗಾಲಕ್ಕೆ ಹೊಸ ಸೊಸೆಯ ಕೋಣೆಯಲ್ಲಿ ಸೋರಲು ಶುರು. ಟಾರು ಬಳಿದರು, ಅದೇನೋ ಬಿಳಿ ಬಣ್ಣ ಹೊಡೆದರು, ಮತ್ತೊಂದು ಪದರ ಸಿಮೆಂಟ್ ಹಾಕಿದರು. ಕಡೆಗೆ ಆ ಸೀಮೆಯಲ್ಲಿ ಎಲ್ಲರೂ ಮಾಡುವುದನ್ನೇ ಚಿಕ್ಕಪ್ಪನೂ ಮಾಡಿದರು: ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು, ಇಳಿಜಾರಾಗಿ ಶೀಟು ಹೊದೆಸಿದರು. ಶಿವಮೊಗ್ಗ ದಾಟಿ ಪಶ್ಚಿಮಕ್ಕೆ ಹೊರಟರೆ ಹೀಗೆ ಟೋಪಿಯ ಮೇಲೆ ಕೊಡೆ ಹಿಡಿದ ಮನೆಗಳು ಸಾಲುಸಾಲಾಗಿ ಸಿಗುತ್ತವೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ತಾರಸಿಗೂ ಶೀಟಿಗೂ ನಡುವೆ ಆಳೆತ್ತರದ ಒಂದು ಜಾಗ ಹುಟ್ಟಿಕೊಂಡಿತು. ನಾಲ್ಕೂ ಕಡೆ ಗಾಳಿ, ನೆತ್ತಿಗೆ ನೆರಳು, ಕಾಲಿಗೆ ಒಣ ನೆಲ. ಈಗ ಅಡಿಕೆ, ಕಾಳುಮೆಣಸು ಹರವುವುದು ಅಲ್ಲಿ, ಸೌದೆ ಪೇರಿಸುವುದು ಅಲ್ಲಿ, ಮಳೆಗಾಲದಲ್ಲಿ ಮಕ್ಕಳು ಕ್ರಿಕೆಟ್ ಆಡುವುದು ಅಲ್ಲಿ. ನೆಂಟರು ಬಂದರೆ ಚಾಪೆ ಹಾಸಿ ಮಲಗುವುದೂ ಅಲ್ಲೇ. ಕಳೆದ ಸಲ ಹೋದಾಗ ನಾನೂ ಮಲಗಿದ್ದೆ. ಶೀಟಿನ ಮೇಲೆ ಮಳೆ ಸಾವಿರ ಕಾಲಿನಿಂದ ಓಡುತ್ತಿತ್ತು, ಪಕ್ಕದಲ್ಲಿ ಅಡಿಕೆಯ ಹದವಾದ ಒಗರು ವಾಸನೆ. ಚಿಕ್ಕಪ್ಪನ ಮನೆಯಲ್ಲಿ ಅತ್ಯಂತ ಸುಖವಾದ ಆ ಕೋಣೆ ಯಾವ ಎಂಜಿನಿಯರ ನಕ್ಷೆಯಲ್ಲೂ ಇರಲಿಲ್ಲ.

ಇದನ್ನು ಮಗಳಿಗೆ ಹೇಳಿದಾಗ ಅವಳು ಪುಸ್ತಕದಲ್ಲಿ ಒಂದು ಬಿಳೀ ಮನೆಯ ಚಿತ್ರ ತೋರಿಸಿದಳು. ಪ್ಯಾರಿಸ್ಸಿನ ಹೊರವಲಯದ ಪ್ವಾಸಿಯಲ್ಲಿ 1931ರಲ್ಲಿ ಮುಗಿದ ವಿಲ್ಲಾ ಸವೊಯ್. ತೆಳ್ಳನೆಯ ಕಂಬಗಳ ಮೇಲೆ ಹಗುರಾಗಿ ನಿಂತ ಚಪ್ಪಟೆ ಪೆಟ್ಟಿಗೆ. ಕಟ್ಟಿದವನು ಲ ಕಾರ್ಬೂಸಿಯೇ, ನಮ್ಮ ಚಂಡೀಗಢದವನೇ. ಮನೆಯೆಂದರೆ ವಾಸಕ್ಕೊಂದು ಯಂತ್ರ ಎಂದು ಸಾರಿದ ಪುಣ್ಯಾತ್ಮ. ಯಂತ್ರದಲ್ಲಿ ಒಂದು ಸಣ್ಣ ದೋಷವಿತ್ತು, ಸೋರುತ್ತಿತ್ತು. ಹಾಲಿನಲ್ಲಿ ನೀರು, ರ‍್ಯಾಂಪಿನ ಮೇಲೆ ನೀರು, ಬಚ್ಚಲಿನಲ್ಲೂ ಕರೆಯದೆ ಬಂದ ನೀರು ಎಂದು ಮನೆಯೊಡತಿ ಮೇಡಂ ಸವೊಯ್ ಅವನಿಗೆ ಪತ್ರದ ಮೇಲೆ ಪತ್ರ ಬರೆದಳಂತೆ. ಇಳಿಜಾರು ಮಾಡು ಹಳೆಯದಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಯಂತ್ರವೇ ತನ್ನ ಕೆಲಸ ಮರೆತಿತ್ತು. ಈಗ ಅದು ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಚಿಕ್ಕಪ್ಪನ ಮನೆಯನ್ನು ಇನ್ನೂ ಯಾರೂ ಸೇರಿಸಿಲ್ಲ.

"ರೂಪ ಕೆಲಸವನ್ನು ಹಿಂಬಾಲಿಸಬೇಕು ಅಪ್ಪಾ" ಎಂದಳು ಮಗಳು. ಅದು ಅವಳ ಮಾತಲ್ಲ. ಲೂಯಿ ಸಲಿವನ್ ಎಂಬ ಅಮೆರಿಕದ ವಾಸ್ತುಶಿಲ್ಪಿ 1896ರಲ್ಲಿ ಬರೆದ ಲೇಖನದಿಂದ ಬಂದದ್ದು. ಆಮೇಲೆ ಬಂದವರು ಅದನ್ನು ಮಂತ್ರ ಮಾಡಿಕೊಂಡು ಕಟ್ಟಡಗಳ ಮೈಮೇಲಿನ ಒಡವೆಯನ್ನೆಲ್ಲ ಕಳಚಿದರು. ಸರಿ, ಆ ಸಲಿವನ್ ಮಹಾಶಯ ಏನು ಕಟ್ಟಿದ ತೋರಿಸು ಎಂದೆ. ತೋರಿಸಿದಳು. ಅದೇ ವರ್ಷ ಬಫಲೋದಲ್ಲಿ ಮುಗಿದ ಗ್ಯಾರಂಟಿ ಕಟ್ಟಡ. ತಳದಿಂದ ತುದಿಯವರೆಗೆ ಸುಟ್ಟ ಮಣ್ಣಿನ ಎಲೆ, ಬಳ್ಳಿ, ಮೊಗ್ಗು. ಕಸೂತಿ ಹಾಕಿದ ಧಾರವಾಡದ ಸೀರೆಯೊಂದನ್ನು ಎತ್ತಿ ನಿಲ್ಲಿಸಿದ ಹಾಗಿದೆ. ಷಿಕಾಗೋದಲ್ಲಿ ಅವನು ಕಟ್ಟಿದ ಅಂಗಡಿಯೊಂದರಲ್ಲಿ ಈ ಚಿತ್ತಾರವೆಲ್ಲ ನೆಲಕ್ಕೆ ಹತ್ತಿರದ ಅಂತಸ್ತುಗಳಲ್ಲಿ ತುಂಬಿದೆ, ಮೇಲಕ್ಕೆ ಹೋದ ಹಾಗೆ ಗೋಡೆ ಸಾದಾ. ನನಗೆ ಅದು ಹಿಡಿಸಿತು. ಬೀದಿಯಲ್ಲಿ ನಡೆಯುವವನ ಕಣ್ಣಿಗೆ ಎಟುಕುವ ಕಡೆ ಹೂವು, ಎಟುಕದ ಕಡೆ ಬರೀ ಕಿಟಕಿ. ದಾರಿಹೋಕನನ್ನು ಒಂದು ನಿಮಿಷ ನಿಲ್ಲಿಸುವುದು ಅಂಗಡಿಯ ಮಟ್ಟಿಗೆ ಕೆಲಸವಲ್ಲದೆ ಮತ್ತೇನು? ಮಗಳು ಇದನ್ನು ಪರೀಕ್ಷೆಯಲ್ಲಿ ಬರೆದಳೋ ಇಲ್ಲವೋ ಗೊತ್ತಿಲ್ಲ.

ಈಗಿನವರು ಒಡವೆ ಕಳಚಿ ಗಾಜು ಉಟ್ಟಿದ್ದಾರೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನನ್ನ ಅಣ್ಣನ ಮಗ ಕೆಲಸ ಮಾಡುವ ಆಫೀಸು ಪೂರ್ತಿ ಗಾಜು. ಹೊರಗಿನಿಂದ ನೋಡಿದರೆ ಆಕಾಶವನ್ನೇ ಮಡಿಸಿ ಇಟ್ಟಂತಿದೆ. ಒಳಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಪರದೆ ಎಳೆದಿದ್ದಾರೆ, ಪರದೆಯಿಂದ ಕತ್ತಲಾಯಿತೆಂದು ಹಗಲಲ್ಲೇ ದೀಪ, ಗಾಜಿನ ಕಾವಿಗೆ ಎಸಿ, ಎಸಿಯ ಚಳಿಗೆ ಅವನಿಗೆ ಮೇ ತಿಂಗಳಲ್ಲೂ ಸ್ವೆಟರ್. ಫ್ಯಾನೂ ಇಲ್ಲದೆ ಬೇಸಗೆ ಕಳೆಯುತ್ತಿದ್ದೆವು ಎಂದು ಹಳಬರು ಹೇಳಿಕೊಳ್ಳುವ ಊರು ಅದು.

ಗಾಜಿನ ಪ್ರತಾಪ ಇಷ್ಟಕ್ಕೇ ನಿಂತದ್ದು ನಮ್ಮ ಪುಣ್ಯ. ಲಂಡನ್ನಿನ ಫೆನ್‌ಚರ್ಚ್ ಬೀದಿಯಲ್ಲಿ 'ವಾಕಿ ಟಾಕಿ' ಎಂದು ಜನ ಕರೆಯುವ ಗಗನಚುಂಬಿಯೊಂದಿದೆ. ಒಳಕ್ಕೆ ಬಾಗಿದ ಗಾಜಿನ ಮೈ. 2013ರ ಬೇಸಗೆಯಲ್ಲಿ ಆ ಬಾಗು ಬಿಸಿಲನ್ನೆಲ್ಲ ಗುಡ್ಡೆಹಾಕಿ ಕೆಳಗಿನ ರಸ್ತೆಯ ಮೇಲೆ ಸುರಿಯಿತು. ಅಲ್ಲಿ ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಕನ್ನಡಿ, ಪ್ಲಾಸ್ಟಿಕ್ ಪಟ್ಟಿಗಳು ಕರಗಿ ಸೊಟ್ಟಗಾದವು. ಒಬ್ಬ ಪತ್ರಕರ್ತ ಬಾಣಲೆ ತಂದಿಟ್ಟು ಮೊಟ್ಟೆ ಬೇಯಿಸಿಯೇಬಿಟ್ಟ. ಬಿಸಿಲೇ ಅಪರೂಪವಾದ ಊರಿನಲ್ಲಿ! ಮರುವರ್ಷ ಅದಕ್ಕೆ ಏನು ಮದ್ದು ಮಾಡಿದರು ಗೊತ್ತೇ? ಗಾಜಿನ ಮೈಗೆ ಅಡ್ಡಡ್ಡಲಾಗಿ ಬಿಸಿಲು ತಡೆಯುವ ಪಟ್ಟಿಗಳನ್ನು ಕೂರಿಸಿದರು. ಅಂದರೆ ಸಜ್ಜ. ಇದನ್ನು ಓದಿದ ದಿನ ನಾನು ಹೊರಗೆ ಹೋಗಿ ನಮ್ಮ ಹಸಿರು ಪ್ಲಾಸ್ಟಿಕ್ ರೆಪ್ಪೆಗಳನ್ನು ಸ್ವಲ್ಪ ಹೊತ್ತು ಅಭಿಮಾನದಿಂದ ನೋಡಿದೆ.

ಹಾಗೆಂದು ನಾನು ತೋರಿಕೆಯ ವೈರಿಯಲ್ಲ. ವಿಧಾನಸೌಧ ಕಂಡರೆ ಈಗಲೂ ಬಸ್ಸಿನ ಕಿಟಕಿಯಿಂದ ಕತ್ತು ಹೊರಳಿಸುತ್ತೇನೆ. 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟಾಗ ಇದ್ದದ್ದು ಸಾದಾ ನಕ್ಷೆ. ಆಮೇಲೆ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ಬದಿಗಿಟ್ಟು ಗೋಪುರ, ಕಂಬ, ಬೋದಿಗೆಗಳ ಈ ಕಲ್ಲಿನ ವೈಭವ ಮಾಡಿಸಿದರು. ಬೆಂಗಳೂರು ನೋಡಲು ಬಂದ ರಷ್ಯದವರು, ಇಲ್ಲಿ ಎಲ್ಲವೂ ಯುರೋಪಿನ ಕಟ್ಟಡಗಳೇ, ನಿಮ್ಮದು ಎನ್ನುವುದು ಯಾವುದೂ ಇಲ್ಲವೇ ಎಂದು ಕೇಳಿದರು, ಆ ಮಾತು ಚುಚ್ಚಿತು ಎಂಬ ಕಥೆ ಪ್ರಸಿದ್ಧ. ದುಂದು ಎಂದು ಬೈದವರೂ ಇದ್ದರು. ಕಟ್ಟಡ 1956ರಲ್ಲಿ ಎದ್ದು ನಿಂತಿತು. ಆ ಭಾರಿ ಮೆಟ್ಟಿಲ ಸಾಲನ್ನು ಕಡತ ಹಿಡಿದ ಗುಮಾಸ್ತರು ದಿನವೂ ಹತ್ತುವುದನ್ನು ನಾನಂತೂ ನೋಡಿಲ್ಲ. ಅದು ಪ್ರಮಾಣವಚನಕ್ಕೆ, ಫೋಟೋಕ್ಕೆ. ಆದರೆ ಒಮ್ಮೆ ಆ ಮೆಟ್ಟಿಲಿಗೆ ಬೆನ್ನು ಮಾಡಿ ನಿಂತು ನೋಡಿ. ಎದುರಿಗೆ ಕೆಂಪಗೆ ನಿಂತಿರುವುದು ಅಠಾರಾ ಕಚೇರಿ. 1868ರಲ್ಲಿ ಬ್ರಿಟಿಷರ ಕಾಲದಲ್ಲಿ 18 ಇಲಾಖೆಗಳಿಗೆಂದು ಕಟ್ಟಿದ್ದು. ಅದನ್ನು ಕಂಡಾಗ ನನಗೆ ಥಟ್ಟನೆ ಹೊಳೆಯಿತು: ಕೆಂಗಲ್ ಅವರೂ ಎಲಿವೇಷನ್ ಮಾಡಿಸಿದ್ದು ಎದುರುಮನೆಗಾಗಿ!

ತೋರಿಕೆ, ಕೆಲಸ ಎರಡೂ ಒಂದರೊಳಗೊಂದು ಸೇರಿಕೊಂಡದ್ದನ್ನು ನಾನು ಕಂಡದ್ದು ವಿಜಯಪುರದಲ್ಲಿ, ಮಂಡಿ ನೋವಿನ ಮೂಲಕ. ಗೋಳಗುಮ್ಮಟದ ನಾಲ್ಕು ಮೂಲೆಗೂ ಏಳಂತಸ್ತಿನ ಗೋಪುರಗಳಿವೆಯಲ್ಲ, ಅವು ಅಂದಕ್ಕೆ ಇವೆ ಎಂದು ಚಿತ್ರ ನೋಡಿದಾಗಿನಿಂದ ನಂಬಿದ್ದೆ. ಹೋದ ಮೇಲೆ ಗೊತ್ತಾಯಿತು, ಗುಮ್ಮಟದ ಸುತ್ತಿನ ಪಿಸುಮಾತಿನ ಮೊಗಸಾಲೆಗೆ ಹತ್ತುವ ಮೆಟ್ಟಿಲು ಇರುವುದೇ ಅವುಗಳ ಹೊಟ್ಟೆಯೊಳಗೆ. ಕಡಿದಾದ, ಕಿರಿದಾದ ಮೆಟ್ಟಿಲು. ಪ್ರತಿ ಅಂತಸ್ತಿನ ಕಮಾನಿನ ಕಿಂಡಿಯಲ್ಲೂ ಗಾಳಿಗೆ ಮುಖವೊಡ್ಡಿ ಏದುಸಿರು ಬಿಟ್ಟು ಮುಂದೆ ಹೋದೆ. ಕೆಳಗಿನಿಂದ ಅಲಂಕಾರವಾಗಿ ಕಂಡ ಕಿಂಡಿ ನನ್ನಂಥ ಮುದುಕರ ತಂಗುದಾಣವಾಗಿತ್ತು.

ನಮ್ಮ ಮನೆಯ ಕಂಬಕ್ಕೆ ಆ ಯೋಗ್ಯತೆ ಇರಲಿಲ್ಲ. ಪೋರ್ಟಿಕೋದ ಎರಡು ಕಡೆ ಎರಡು ದುಂಡು ಕಂಬ, ಮೈತುಂಬ ಉದ್ದುದ್ದ ಗೀರು, ನೆತ್ತಿಯಲ್ಲಿ ಸಿಮೆಂಟಿನ ಎಲೆಗಳು. ಬೀದಿಯಲ್ಲಿ ಇದಕ್ಕೆ ರೋಮನ್ ಕಂಬ ಎಂಬ ಹೆಸರು. ಕಟ್ಟುವಾಗ ಒಂದರೊಳಗೆ ಕಬ್ಬಿಣದ ಸರಳು ಹೋಯಿತು, ಇನ್ನೊಂದರೊಳಗೆ ಹೋದದ್ದು ನಾಲ್ಕಿಂಚಿನ ಪಿವಿಸಿ ಪೈಪು.

"ಇದೇನಪ್ಪ?" ಎಂದೆ.

"ಅದು ಡಮ್ಮಿ ಸಾ" ಎಂದ ಮೇಸ್ತ್ರಿ. "ಭಾರ ಏನೂ ಇಲ್ಲ, ಜೋಡಿ ಕಾಣ್ಲಿ ಅಂತ. ತಾರಸಿ ನೀರಿನ ಪೈಪು ಆಚೆ ಬಂದ್ರೆ ಎಲಿವೇಷನ್ ಕೆಡ್ತದೆ, ಒಳಗೇ ಇಳಿಸಿಬಿಡುವಾ."

ಆರು ವರ್ಷ ಡಮ್ಮಿ ಕಂಬ ನಿಜವಾದ ಕಂಬಕ್ಕಿಂತ ಜೋರಾಗಿ ನಿಂತಿತ್ತು. ಹೋದ ಅಕ್ಟೋಬರಿನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಬೆಳಗ್ಗೆ ತಾರಸಿಯಲ್ಲಿ ಗೇಣುದ್ದ ನೀರು. ಹಾಲಿನ ಸೀಲಿಂಗಿನಲ್ಲಿ ಆಫ್ರಿಕಾ ಖಂಡ ಮೂಡಿತ್ತು, ಮಧ್ಯಾಹ್ನದ ಹೊತ್ತಿಗೆ ಪಕ್ಕದಲ್ಲಿ ಮಡಗಾಸ್ಕರವೂ ಬಂತು. ಪ್ಲಂಬರ್ ಮೇಲಿನಿಂದ ತಂತಿ ಇಳಿಸಿದ, ಕೆಳಗಿನಿಂದ ತಂತಿ ಏರಿಸಿದ. ಎರಡೂ ತಂತಿ ಎಲ್ಲಿಯೋ ನಡುವೆ ಮೆತ್ತಗಿನದೇನನ್ನೋ ಮುಟ್ಟಿ ವಾಪಸ್ಸಾದವು. ಅವನು ಕಂಬಕ್ಕೆ ಕಿವಿಗೊಟ್ಟು, ಬೆರಳಿನಿಂದ ತಟ್ಟಿ, ಎದೆ ಪರೀಕ್ಷೆ ಮಾಡಿದ ಡಾಕ್ಟರ ಗಾಂಭೀರ್ಯದಲ್ಲಿ "ಒಡೀಬೇಕು ಸಾ" ಎಂದ.

ಉಳಿ ಸುತ್ತಿಗೆ ಬಂದವು. ರೋಮ್ ನಗರವನ್ನು ಕಟ್ಟಲು ಎಷ್ಟು ದಿನ ಬೇಕಾಯಿತೋ, ಕೆಡವಲು ಮುಕ್ಕಾಲು ಗಂಟೆ ಸಾಕಾಯಿತು. ಎದೆಯ ಮಟ್ಟದಲ್ಲಿ ಪೈಪು ಕೊಯ್ದರೆ ಮೊದಲು ಒಂದು ಬಟ್ಟೆಕ್ಲಿಪ್ಪು, ಆಮೇಲೆ ಮಾವಿನ ಎಲೆಗಳ ಉಂಡೆ, ಅದರ ಹಿಂದೆ ಹಳದಿಯ ಟೆನಿಸ್ ಬಾಲು. ತಡೆದಿದ್ದ ನೀರು ಭೋರೆಂದು ಬಂದು ಪ್ಲಂಬರನ ಮೇಲೆ ಅಭಿಷೇಕವಾಯಿತು. ಅದೇ ಕ್ಷಣ ಗೇಟಿನ ಸಂದಿಯಲ್ಲಿ ಪಕ್ಕದ ಮನೆಯ ಹುಡುಗನ ಮುಖ. "ಅಂಕಲ್, ಬಾಲ್ ಸಿಕ್ತಾ?"

ಪ್ಯಾರಿಸ್ಸಿನಲ್ಲೇ ಪಾಂಪಿಡೂ ಕೇಂದ್ರ ಎಂದು ಒಂದಿದೆಯಂತೆ, 1977ರದ್ದು. ಅದರ ಪೈಪುಗಳೆಲ್ಲ ಹೊರಗೇ. ಗಾಳಿಯದಕ್ಕೆ ನೀಲಿ, ನೀರಿನದಕ್ಕೆ ಹಸಿರು, ವಿದ್ಯುತ್ತಿಗೆ ಹಳದಿ ಬಣ್ಣ ಬಳಿದು ಮೆರೆಸಿದ್ದಾರೆ. ಫೋನಿನಲ್ಲಿ ಮಗಳು ಇದನ್ನು ಹೇಳಿ, "ಪೈಪ್ ಹಾಗೇ ಬಿಡಿ ಅಪ್ಪಾ, ಹಸಿರು ಪೇಂಟ್ ಹೊಡೆಸಿ" ಎಂದಳು. ಕ್ಲಾಂಪು ಬಿಗಿಸಿ, ಹೊಸ ಪೈಪು ಹಾಕಿಸಿ, ಹಾಗೇ ಬಿಟ್ಟೆ. ದುಡ್ಡೂ ಮುಗಿದಿತ್ತು.

ಎರಡು ದಿನ ಕಳೆದು ಎದುರುಮನೆಯ ಯಜಮಾನರು ಬಂದರು. ಮುಖ ಸಪ್ಪಗಿತ್ತು. ಸೂತಕದ ಮನೆಯಲ್ಲಿ ಕೂರುವ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತರು.

"ಕಂಬ ಮತ್ತೆ ಕಟ್ಟಿಸಲ್ವಾ ಸಾರ್?"

"ಯಾಕೆ ಸಾರ್?"

"ಅಲ್ಲಾ, ಆರು ವರ್ಷದಿಂದ ಬೆಳಗ್ಗೆ ಕಾಫಿ ಕುಡೀತಾ ಅದನ್ನೇ ನೋಡ್ತಾ ಇದ್ದೆ."

ನನಗೆ ಅಷ್ಟು ದಿನ ಇದು ಹೊಳೆದಿರಲೇ ಇಲ್ಲ. ಎಲಿವೇಷನ್ನಿಗೆಂದು ಕೊಟ್ಟ ನನ್ನ ಎರಡೂವರೆ ಲಕ್ಷವನ್ನು ಪೂರ್ತಿ ಅನುಭವಿಸಿದ್ದು ಇವರು. ನಾನು ನನ್ನ ಮನೆಯ ಮುಖ ನೋಡುವುದು ಗೇಟು ತೆಗೆಯುವ ಅರ್ಧ ನಿಮಿಷ; ಆಗಲೂ ಕಣ್ಣು ಬೀಗದ ಮೇಲೆ. ಉಳಿದಂತೆ ನಾನು ದಿನವೆಲ್ಲ ನೋಡುವುದು ಅವರ ಮನೆಯನ್ನು. ಅದು ನೇರಳೆ ಬಣ್ಣದ್ದು. ಅಂಚಿಗೆಲ್ಲ ಗಿಳಿಹಸಿರು. ಸಮಯ ಒದಗಿ ಬಂದಿದೆ ಎಂದುಕೊಂಡು ಮೆಲ್ಲಗೆ ಅಂದೆ: "ಒಂದು ಕೆಲಸ ಮಾಡೋಣ ಸಾರ್. ನಾನು ಕಂಬ ಕಟ್ಟಿಸ್ತೀನಿ. ನೀವು ಆ ನೇರಳೆ ಬಣ್ಣ ಒಂಚೂರು..."

ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. "ನೇರಳೆಯಾ? ಅದು ನಮಗೆ ಕಾಣೋದೇ ಇಲ್ವಲ್ಲ ಸಾರ್!"

ಮಾತುಕತೆ ಅಲ್ಲಿಗೆ ನಿಂತಿತು. ಕಂಬ ಬರಲಿಲ್ಲ, ನೇರಳೆ ಹೋಗಲಿಲ್ಲ.

ಮೊನ್ನೆ ಸಂಜೆ ಅಮ್ಮ ದೇವಸ್ಥಾನದಿಂದ ಮಳೆಯಲ್ಲಿ ಬಂದಳು. ಕೊಡೆ ಮಡಿಸಿ, ಒಮ್ಮೆ ಕೊಡವಿ, ಅತ್ತಿತ್ತ ನೋಡಿದಳು. ಬೋಳಾಗಿ ನಿಂತಿದ್ದ ಪೈಪಿನಲ್ಲಿ ಒಂದು ಕ್ಲಾಂಪಿನ ಬೋಲ್ಟು ಎರಡಿಂಚು ಹೊರಗೆ ಚಾಚಿತ್ತು, ಸರಿಯಾಗಿ ಅವಳ ಭುಜದೆತ್ತರಕ್ಕೆ. ಕೊಡೆಯ ಹಿಡಿಯನ್ನು ಅದಕ್ಕೆ ಸಿಕ್ಕಿಸಿದಳು. ನೀರು ತೊಟ್ಟಿಕ್ಕುತ್ತಾ ಕೆಳಗಿನ ಮೋರಿಗೇ ಇಳಿಯಿತು. "ಅಲ್ವೋ ಮಾರಾಯ, ಇದನ್ನ ಮೊದಲೇ ಮಾಡಿಸಬಾರದಿತ್ತಾ?" ಎನ್ನುತ್ತಾ ಒಳಗೆ ಹೋದಳು.

ಅಂದಿನಿಂದ ಕೊಡೆಯ ಜಾಗ ಅದೇ. ಎದುರುಮನೆಯವರು ಈಗ ಕಾಫಿ ಕುಡಿಯುತ್ತಾ ಅದನ್ನು ನೋಡುತ್ತಾರೆ. ಕೊಡೆ ಕಾಣದ ದಿನ ಗೇಟಿನ ಹತ್ತಿರ ಬಂದು, "ಅಮ್ಮ ಎಲ್ಲಿಗೆ ಹೋದ್ರು ಸಾರ್ ಇಷ್ಟು ಹೊತ್ತಿಗೇ?" ಎಂದು ವಿಚಾರಿಸುತ್ತಾರೆ.